ಮಗ್ಗಿಗಾಗಿ ಮೈಕಿನ ಮುಂದೆ: ಸಾರ್ವಜನಿಕ ಶಾಲೆಯ ಗಣಿತ ಮತ್ತು ತಂದೆತಾಯಿಗಳ ಅಹವಾಲು

(ಗಣಿತ ಶಿಕ್ಷಕರೂ ಪೋಷಕರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಬಹಳ ವರ್ಷಗಳ ಹಿಂದೆ ಅಮೆರಿಕದ ಒಂದು ಊರಿನ ಶಾಲಾ ಮಂಡಳಿಯ ಸಭೆಯಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತು ನಾನು ಕಂಡದ್ದರಿಂದ ಈ ಮಾತನ್ನು ಆರಂಭಿಸುತ್ತೇನೆ. ಅಲ್ಲಿನ ಮಂಡಳಿಗಳ ಸಭೆಯಲ್ಲಿ ಊರಿನವರ ಅಹವಾಲಿಗೆಂದೇ ಒಂದಿಷ್ಟು ಹೊತ್ತನ್ನು ತೆಗೆದಿಟ್ಟಿರುತ್ತಾರೆ. ಮೊದಲೇ ಹೆಸರು ಬರೆಸಿದವರನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ; ಮೈಕಿನ ಮುಂದೆ ನಿಂತವರಿಗೆ ಸಿಗುವುದು ಎರಡು ನಿಮಿಷ, ಹೆಚ್ಚೆಂದರೆ ಮೂರು. ಆ ದಿನ ಒಬ್ಬ ತಾಯಿ ಐದನೆಯ ತರಗತಿಯ ಮಗಳ ಅಭ್ಯಾಸ ಪುಸ್ತಕವನ್ನು ಹಿಡಿದುಕೊಂಡು ಬಂದಿದ್ದರು. ಒಂದೇ ಒಂದು ಭಾಗಾಕಾರದ ಲೆಕ್ಕಕ್ಕಾಗಿ ಮಗಳು ಪುಟದ ತುಂಬ ವೃತ್ತಗಳನ್ನೂ ಚುಕ್ಕೆಗಳನ್ನೂ ಬರೆದದ್ದನ್ನು ಅವರು ಸದಸ್ಯರತ್ತ ತಿರುಗಿಸಿ ತೋರಿಸಿದರು. ಉತ್ತರ ತಪ್ಪಾಗಿತ್ತು, ಅಂಚಿನಲ್ಲಿ ಶಿಕ್ಷಕರ ಕೈಬರಹದಲ್ಲಿ ‘ಯೋಚನೆ ಚೆನ್ನಾಗಿದೆ’ ಎಂದಿತ್ತು. ಯೋಚನೆಯನ್ನು ತಾನೂ ಮೆಚ್ಚುತ್ತೇನೆ, ಆದರೆ ಲೆಕ್ಕ ಮಾಡುವ ಕ್ರಮವನ್ನು ಮಗುವಿಗೆ ಹೇಳಿಕೊಡುವವರು ಯಾರು ಎಂದು ಅವರು ಕೇಳುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಅಧ್ಯಕ್ಷರು ವಂದನೆ ಹೇಳಿ ಮುಂದಿನ ಹೆಸರನ್ನು ಕರೆದರು. ಅಹವಾಲಿನ ಹೊತ್ತಿನಲ್ಲಿ ಉತ್ತರ ಕೊಡುವ ಪದ್ಧತಿ ಅಲ್ಲಿರಲಿಲ್ಲ.

‘ಹೇಳಿಕೊಡುವವರು ಯಾರು’ ಎಂಬ ಆ ಪ್ರಶ್ನೆಯೇ ಈ ಉಪನ್ಯಾಸದ ವಿಷಯ. ಉತ್ತರ ಅಮೆರಿಕದಲ್ಲಿ ಸುಮಾರು ಮೂವತ್ತು ವರ್ಷಗಳಿಂದ ತಂದೆತಾಯಿಗಳ ಗುಂಪುಗಳು, ಸಾರ್ವಜನಿಕ ಶಾಲೆಗಳಲ್ಲಿ ಗಣಿತದ ಮೂಲ ಕೌಶಲಗಳನ್ನು ನೇರವಾಗಿ, ಕ್ರಮವಾಗಿ, ಕೈವಶವಾಗುವ ತನಕ ಕಲಿಸಬೇಕೆಂದು ಒತ್ತಾಯಿಸುತ್ತ ಬಂದಿವೆ. ಅವರನ್ನು ‘ಉರು ಹೊಡೆಸುವ ಹಳೆಯ ಕಾಲದವರು’ ಎಂದು ತಳ್ಳಿಹಾಕುವುದು ಸುಲಭ, ಹಾಗೆ ತಳ್ಳಿಹಾಕಿದ್ದೂ ಉಂಟು. ನಾನು ಅವರ ಕಾಗದಪತ್ರಗಳನ್ನು ಓದಿದಷ್ಟೂ ನನಗೆ ಕಂಡದ್ದು ಬೇರೆ. ಅಭ್ಯಾಸ ಬೇಕೋ ಬೇಡವೋ ಎಂಬ ವಾದ ಅವರಿಗೆ ಎರಡನೆಯದು. ಆ ಅಭ್ಯಾಸ ಶಾಲೆಯ ಗೋಡೆಯ ಒಳಗೆ ನಡೆಯಬೇಕೋ ಹೊರಗೆ ನಡೆಯಬೇಕೋ ಎಂಬುದು ಮೊದಲನೆಯದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಪಠ್ಯಕ್ರಮವಿಲ್ಲ. ರಾಜ್ಯಗಳು ಕಲಿಕೆಯ ಮಾನದಂಡಗಳನ್ನು ಗೊತ್ತುಮಾಡುತ್ತವೆ. ಸುಮಾರು 13,000 ಶಾಲಾ ಜಿಲ್ಲೆಗಳು, ಬಹುಪಾಲು ಊರಿನವರೇ ಚುನಾಯಿಸಿದ ಮಂಡಳಿಗಳ ಮೂಲಕ, ಪಠ್ಯಪುಸ್ತಕಗಳನ್ನು ಆರಿಸಿಕೊಳ್ಳುತ್ತವೆ. ಆದ್ದರಿಂದ ಪುಸ್ತಕ ಹಿಡಿಸದ ತಂದೆತಾಯಿಗಳಿಗೆ ಹೋಗಿ ಕೇಳಲು ಒಂದು ಬಾಗಿಲಾದರೂ ಇದೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ಗಾಬರಿಗೊಂಡ ಅಮೆರಿಕ ‘ಹೊಸ ಗಣಿತ’ವನ್ನು ತಂದಿತು, ಚಿಕ್ಕ ಮಕ್ಕಳಿಗೆ ಗಣಗಳನ್ನೂ ಹತ್ತನ್ನು ಬಿಟ್ಟು ಬೇರೆ ಆಧಾರಗಳ ಸಂಖ್ಯಾಪದ್ಧತಿಗಳನ್ನೂ ಕಲಿಸುವ ಆ ಪ್ರಯತ್ನ 1970ರ ದಶಕದಲ್ಲಿ ಕುಸಿಯಿತು. 1989ರಲ್ಲಿ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಎಂ ಹೊಸ ಮಾನದಂಡಗಳನ್ನು ಪ್ರಕಟಿಸಿತು. ಯಾವುದಕ್ಕೆ ಗಮನ ಹೆಚ್ಚಬೇಕು, ಯಾವುದಕ್ಕೆ ತಗ್ಗಬೇಕು ಎಂಬ ಪಟ್ಟಿಗಳು ಅದರಲ್ಲಿದ್ದವು. ತಗ್ಗಬೇಕಾದವುಗಳಲ್ಲಿ ಕಾಗದ ಪೆನ್ಸಿಲ್ಲಿನ ದೊಡ್ಡ ಲೆಕ್ಕಗಳು, ದೀರ್ಘ ಭಾಗಾಕಾರ, ಯಾಂತ್ರಿಕ ಅಭ್ಯಾಸ ಎಲ್ಲವೂ ಸೇರಿದ್ದವು, ಮತ್ತು ಕಿರಿಯ ತರಗತಿಗಳಿಂದಲೇ ಕ್ಯಾಲ್ಕ್ಯುಲೇಟರ್ ಕೈಗೆಟುಕುವಂತಿರಬೇಕು ಎಂದಿತ್ತು. ಕ್ಯಾಲಿಫೋರ್ನಿಯಾದ 1992ರ ಪಠ್ಯಕ್ರಮ ಚೌಕಟ್ಟು ಅದೇ ಜಾಡಿನಲ್ಲಿ ಸಾಗಿತು.

ಈ ಚಿಂತನೆಯಿಂದ ಹುಟ್ಟಿದ ಪುಸ್ತಕಗಳು ಮನೆಗಳನ್ನು ತಲುಪಿದಾಗ ಜಗಳ ಶುರುವಾಯಿತು. ಕೆಲವು ಪಠ್ಯಸರಣಿಗಳಲ್ಲಿ ಮಗುವಿನ ಕೈಗೆ ಕೊಡುವ ಪಠ್ಯಪುಸ್ತಕವೇ ಇರಲಿಲ್ಲ. ಬಿಡಿ ಹಾಳೆಗಳು, ಆಟಿಕೆಯಂಥ ಸಾಮಗ್ರಿಗಳು, ಶಿಕ್ಷಕರಿಗಾಗಿ ಒಂದು ಕೈಪಿಡಿ. ಮಗು ಮನೆಗೆ ತಂದ ಲೆಕ್ಕ ಅರ್ಥವಾಗದೆ ತಾಯಿಯೋ ತಂದೆಯೋ ಹಿಂದಿನ ಪಾಠವನ್ನು ತಿರುವಿ ನೋಡೋಣವೆಂದರೆ ತಿರುವಲು ಏನೂ ಇಲ್ಲ. ಇದು ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ನನ್ನ ಮಟ್ಟಿಗೆ ಈ ಚಳವಳಿಯ ಬೇರು ಇರುವುದೇ ಇಲ್ಲಿ: ಶಾಲೆ ಏನು ಕಲಿಸುತ್ತಿದೆಯೆಂದು ಮನೆಯವರಿಗೆ ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು.

1990ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹೋಲ್ಡ್ ಎಂಬ ಪೋಷಕರ ಗುಂಪೂ, ಸ್ಯಾನ್ ಡಿಯಾಗೋದಲ್ಲಿ ಮ್ಯಾಥಮೆಟಿಕಲಿ ಕರೆಕ್ಟ್ ಎಂಬ ಗುಂಪೂ ತಲೆಯೆತ್ತಿದವು. ಆಗಿನ್ನೂ ಎಳೆಯದಾಗಿದ್ದ ಅಂತರ್ಜಾಲವನ್ನು ಬಳಸಿ ಇವರು ಮಾಡಿದ ಕೆಲಸ ಬೇಸರ ತರುವಂಥದ್ದು, ಆದ್ದರಿಂದಲೇ ಪರಿಣಾಮಕಾರಿಯಾದದ್ದು. ಒಂದೊಂದು ಪಠ್ಯಪುಸ್ತಕವನ್ನೂ ಪುಟಪುಟವಾಗಿ ಓದಿ, ಭಿನ್ನರಾಶಿಗಳ ಭಾಗಾಕಾರ ಎಲ್ಲಿದೆ, ಎಷ್ಟು ಅಭ್ಯಾಸ ಲೆಕ್ಕಗಳಿವೆ, ಯಾವುದನ್ನು ಬಿಟ್ಟಿದ್ದಾರೆ ಎಂದು ಬರೆದು ಹಾಕಿದರು. ಘೋಷಣೆ ಕೂಗುವವರನ್ನು ಮಂಡಳಿ ನಿರ್ಲಕ್ಷಿಸಬಹುದು. ಪುಟಸಂಖ್ಯೆ ಹಿಡಿದುಕೊಂಡು ಬಂದವರನ್ನು ನಿರ್ಲಕ್ಷಿಸುವುದು ಕಷ್ಟ. 1997ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಶಿಕ್ಷಣ ಮಂಡಳಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಿತಜ್ಞರ ನೆರವಿನಿಂದ ತಿದ್ದಿದ ಹೊಸ ಮಾನದಂಡಗಳನ್ನು ಅಂಗೀಕರಿಸಿತು. 1ರಿಂದ 10ರವರೆಗಿನ ಮಗ್ಗಿ ಮೂರನೆಯ ತರಗತಿಯಲ್ಲಿ ತಡವರಿಸದೆ ಬರುವಂತೆ ಬಾಯಿಪಾಠವಾಗಬೇಕು ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿತ್ತು.

ಗಣಿತಜ್ಞರು ಪೋಷಕರ ಜೊತೆ ನಿಂತದ್ದು ಅನೇಕರಿಗೆ ಅನಿರೀಕ್ಷಿತವಾಗಿತ್ತು. 1999ರ ಅಕ್ಟೋಬರಿನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಹತ್ತು ಗಣಿತ ಪಠ್ಯಸರಣಿಗಳನ್ನು ‘ಮಾದರಿ’ ಅಥವಾ ‘ಭರವಸೆಯ’ ಸರಣಿಗಳೆಂದು ಶಿಫಾರಸು ಮಾಡಿತು. ಮರುತಿಂಗಳು, ನವೆಂಬರ್ 18ರಂದು, ಆ ಶಿಫಾರಸನ್ನು ಹಿಂತೆಗೆದುಕೊಳ್ಳಬೇಕೆಂದು ಶಿಕ್ಷಣ ಕಾರ್ಯದರ್ಶಿ ರಿಚರ್ಡ್ ರೈಲಿಯವರಿಗೆ ಬರೆದ ಬಹಿರಂಗ ಪತ್ರ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇನ್ನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದ ಆ ಪತ್ರದಲ್ಲಿ ನೊಬೆಲ್ ಪುರಸ್ಕೃತರೂ ಫೀಲ್ಡ್ಸ್ ಪದಕ ಪಡೆದವರೂ ಇದ್ದರು. ಜೀವಮಾನವೆಲ್ಲ ಅಮೂರ್ತ ಗಣಿತದಲ್ಲಿ ಮುಳುಗಿದವರು ಮೂರನೆಯ ತರಗತಿಯ ಮಗ್ಗಿಗಾಗಿ ಪತ್ರಿಕೆಯಲ್ಲಿ ಸಹಿ ಹಾಕುವುದೆಂದರೆ ಅದಕ್ಕೆ ಕಾರಣವಿರಲೇಬೇಕು. ಆ ಕಾರಣವನ್ನು ಎರಡು ಉದಾಹರಣೆಗಳಿಂದ ನೋಡೋಣ. ಈ ಭಾಗದಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಕಾಗದ ಇದ್ದವರು ಬರೆದುಕೊಳ್ಳಬಹುದು.

ಬೀಜಗಣಿತದ ತರಗತಿಯಲ್ಲಿ ಮಗುವಿನ ಮುಂದೆ x² + 15x + 56 ಎಂಬ ಪದೋಕ್ತಿ ಇದೆ, ಅದನ್ನು ಅಪವರ್ತಿಸಬೇಕು. ಗುಣಿಸಿದರೆ 56, ಕೂಡಿದರೆ 15 ಬರುವ ಎರಡು ಸಂಖ್ಯೆಗಳು ಬೇಕು. ಏಳೆಂಟಲ ಐವತ್ತಾರು ಎಂಬುದು ನಾಲಿಗೆಯ ತುದಿಯಲ್ಲಿರುವ ಮಗು 56 ಎಂಬ ಅಂಕಿಯನ್ನು ಕಂಡೊಡನೆ 7 ಮತ್ತು 8ನ್ನು ಕಾಣುತ್ತದೆ, ಕೂಡಿ ನೋಡುತ್ತದೆ, (x + 7)(x + 8) ಎಂದು ಬರೆಯುತ್ತದೆ. ಆಮೇಲೆ ಅದರ ಗಮನವೆಲ್ಲ ‘ಹೀಗೇಕೆ ಒಡೆಯುತ್ತದೆ’ ಎಂಬ ನಿಜವಾದ ಪಾಠದ ಕಡೆಗೆ ಹರಿಯಬಹುದು. ಮಗ್ಗಿ ಬಾರದ ಮಗುವಿಗೆ 56 ಒಂದು ಮೂಕ ಅಂಕಿ. ಕ್ಯಾಲ್ಕ್ಯುಲೇಟರ್ ಇದೆಯಲ್ಲ ಎನ್ನಬಹುದು. 7ನ್ನೂ 8ನ್ನೂ ಕೊಟ್ಟರೆ ಆ ಯಂತ್ರ 56 ಎಂದು ಹೇಳುತ್ತದೆ, ಇಲ್ಲಿ ಬೇಕಾದದ್ದು 56ನ್ನು ನೋಡಿ 7 ಮತ್ತು 8 ಹೊಳೆಯುವುದು. ಆ ಮಗು ಎರಡರಿಂದ ಆರಂಭಿಸಿ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ಹೋಗುವಾಗ, ತಾನು ಏನನ್ನು ಹುಡುಕಲು ಹೊರಟಿದ್ದೆನೆಂಬುದನ್ನೇ ಮರೆತುಬಿಡುತ್ತದೆ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಕೆಲವೇ. ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ ಅವರು 1988ರಿಂದ ಬೆಳೆಸಿದ ಅರಿವಿನ ಹೊರೆಯ ಸಿದ್ಧಾಂತ ಹೇಳುವುದು ಇದನ್ನೇ. ನೆನಪಿನಲ್ಲಿ ಗಟ್ಟಿಯಾಗಿ ಕುಳಿತದ್ದು ಹೊರೆಯಾಗುವುದಿಲ್ಲ, ಆಗಷ್ಟೇ ಹುಡುಕಿ ತರಬೇಕಾದದ್ದು ಹೊರೆಯಾಗುತ್ತದೆ.

ಎರಡನೆಯದು, ಹೆಚ್ಚು ಬೈಗುಳ ತಿಂದಿರುವ ದೀರ್ಘ ಭಾಗಾಕಾರ. ಹೊಸ ಸರಣಿಗಳಲ್ಲಿ ಅದರ ಬದಲಿಗೆ ಬಂದದ್ದು ಭಾಗಲಬ್ಧವನ್ನು ತುಂಡುತುಂಡಾಗಿ ತೆಗೆಯುವ ಕ್ರಮ. 836ನ್ನು 7ರಿಂದ ಭಾಗಿಸಬೇಕೆಂದರೆ ಮಗು ಮೊದಲು ನೂರು ಏಳುಗಳನ್ನು ತೆಗೆಯುತ್ತದೆ, 136 ಉಳಿಯುತ್ತದೆ. ಹತ್ತು ಏಳುಗಳನ್ನು ತೆಗೆದರೆ 66. ಐದು ತೆಗೆದರೆ 31. ನಾಲ್ಕು ತೆಗೆದರೆ ಶೇಷ 3. ನೂರು, ಹತ್ತು, ಐದು, ನಾಲ್ಕು ಕೂಡಿದರೆ 119. ಇದರಲ್ಲಿ ತಪ್ಪೇನೂ ಇಲ್ಲ. ಭಾಗಾಕಾರವೆಂದರೆ ಏನೆಂದು ತೋರಿಸುವುದಕ್ಕೆ ಇದು ಒಳ್ಳೆಯ ಮೊದಲ ಮೆಟ್ಟಿಲು ಎಂದು ನಾನೂ ಒಪ್ಪುತ್ತೇನೆ. ತಕರಾರು ಇರುವುದು ಮಗುವನ್ನು ಆ ಮೆಟ್ಟಿಲಲ್ಲೇ ನಿಲ್ಲಿಸಿಬಿಡುವುದರ ಬಗ್ಗೆ. ಈಗ 1ನ್ನು 7ರಿಂದ ರೂಢಿಯ ಕ್ರಮದಲ್ಲಿ ಭಾಗಿಸಿ ನೋಡಿ. ಹತ್ತರಲ್ಲಿ ಏಳು ಒಂದು ಸಲ, ಶೇಷ 3. ಮೂವತ್ತರಲ್ಲಿ ನಾಲ್ಕು ಸಲ, ಶೇಷ 2. ಇಪ್ಪತ್ತರಲ್ಲಿ ಎರಡು, ಶೇಷ 6. ಅರವತ್ತರಲ್ಲಿ ಎಂಟು, ಶೇಷ 4. ನಲವತ್ತರಲ್ಲಿ ಐದು, ಶೇಷ 5. ಐವತ್ತರಲ್ಲಿ ಏಳು, ಶೇಷ 1. ಶೇಷ 1 ಎಂದರೆ ನಾವು ಹೊರಟ ಜಾಗಕ್ಕೇ ಮರಳಿ ಬಂದೆವು. ಇನ್ನು ಮುಂದೆ 142857 ಎಂಬ ಆರು ಅಂಕಿಗಳು ಅದೇ ಸರದಿಯಲ್ಲಿ ತಿರುಗುತ್ತಲೇ ಇರಬೇಕು. ಏಳರಿಂದ ಭಾಗಿಸುವಾಗ ಸೊನ್ನೆಯನ್ನು ಬಿಟ್ಟರೆ ಶೇಷಗಳು ಆರೇ ಆರು; ಆದ್ದರಿಂದ ಏಳನೆಯ ಹೆಜ್ಜೆಯೊಳಗೆ ಯಾವುದಾದರೂ ಒಂದು ಶೇಷ ಮರುಕಳಿಸಲೇಬೇಕು. ಪ್ರತಿಯೊಂದು ಭಿನ್ನರಾಶಿಯೂ ಒಂದೋ ಮುಗಿಯುವ ಇಲ್ಲವೇ ಆವರ್ತವಾಗುವ ದಶಮಾಂಶವಾಗುತ್ತದೆ ಎಂಬ ದೊಡ್ಡ ಸತ್ಯ ಹೀಗೆ ಐದನೆಯ ತರಗತಿಯ ಒಂದು ಲೆಕ್ಕದ ಅಡಿಯಲ್ಲಿ ಮಲಗಿರುತ್ತದೆ. ಹಿಂಡು ಹಿಂಡಾಗಿ ಕಳೆಯುವ ಕ್ರಮದಲ್ಲಿ ಈ ಸರದಿ ಕಣ್ಣಿಗೆ ಬೀಳುವುದಿಲ್ಲ. ಕೈಗೆ ಬಂದ ಕ್ರಮವೇ ಅರಿವಿಗೆ ದಾರಿಯಾಗುವುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ತಿಳಿದಿಲ್ಲ.

ಇಷ್ಟು ಹೇಳಿದ ಮೇಲೆ ಪೋಷಕರ ವಾದದ ದುರ್ಬಲ ಭಾಗವನ್ನೂ ಹೇಳಬೇಕು. ‘ನಾವು ಹೀಗೆ ಕಲಿತೆವು, ನಮಗೇನಾಗಿದೆ’ ಎಂಬ ಮಾತು ಸಭೆಗಳಲ್ಲಿ ಪದೇ ಪದೇ ಬರುತ್ತದೆ. ಆದರೆ ಹಾಗೆ ಕಲಿತವರ ಸ್ಥಿತಿ ಅಂಥ ಹೆಮ್ಮೆಯದೇನಲ್ಲ. 1999ರಲ್ಲಿ ಪ್ರಕಟವಾದ ಲಿಪಿಂಗ್ ಮಾ ಅವರ ಅಧ್ಯಯನದಲ್ಲಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಒಂದೂ ಮುಕ್ಕಾಲನ್ನು ಅರೆಯಿಂದ ಭಾಗಿಸಲು ಹೇಳಲಾಗಿತ್ತು. ಚೀನಾದವರೆಲ್ಲರೂ ಸರಿಯಾಗಿ ಮಾಡಿದರು. ಅಮೆರಿಕದವರಲ್ಲಿ ಅರ್ಧದಷ್ಟು ಮಂದಿಯೂ ಸರಿ ಉತ್ತರವನ್ನು ಮುಟ್ಟಲಿಲ್ಲ. ಆ ಭಾಗಾಕಾರಕ್ಕೆ ಒಂದು ಹೇಳಿಕೆ ಲೆಕ್ಕವನ್ನು ಕಟ್ಟಿ ಎಂದಾಗ ಅವರಲ್ಲಿ ಹಲವರು ಒಂದೂ ಮುಕ್ಕಾಲನ್ನು ಇಬ್ಬರಿಗೆ ಹಂಚುವ ಕಥೆಯನ್ನು ಹೇಳಿದರು, ಅಂದರೆ ಅರೆಯಿಂದ ಭಾಗಿಸುವ ಬದಲು ಎರಡರಿಂದ ಭಾಗಿಸಿದರು. ಒಂದೂ ಮುಕ್ಕಾಲು ಮೀಟರ್ ಬಟ್ಟೆಯಲ್ಲಿ ಅರ್ಧ ಮೀಟರಿನ ತುಂಡುಗಳು ಎಷ್ಟು ಎಂದು ಕೇಳಿಕೊಂಡಿದ್ದರೆ ಮೂರೂವರೆ ಎಂಬ ಉತ್ತರ ತಾನಾಗಿ ಬರುತ್ತಿತ್ತು. ಈ ಅಧ್ಯಯನವನ್ನು ಎರಡೂ ಬಣದವರು ತಮ್ಮದೆಂದು ಉದ್ಧರಿಸುತ್ತಾರೆ. ನನ್ನ ಓದಿನಲ್ಲಿ ಅದು ಇಬ್ಬರಿಗೂ ಚುಚ್ಚುತ್ತದೆ: ಅರ್ಥ ಬಿಟ್ಟು ಕ್ರಮವನ್ನಷ್ಟೇ ಕಲಿತವರಲ್ಲಿ ಕೊನೆಗೆ ಕ್ರಮವೂ ಉಳಿದಿರಲಿಲ್ಲ.

ಸರ್ಕಾರವೇ ನೇಮಿಸಿದ ರಾಷ್ಟ್ರೀಯ ಗಣಿತ ಸಲಹಾ ಸಮಿತಿ 2008ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಈ ಜಗಳಕ್ಕೆ ಒಂದು ಮಟ್ಟಿಗೆ ತೆರೆ ಎಳೆಯಬೇಕಿತ್ತು. ಪರಿಕಲ್ಪನೆಯ ತಿಳಿವಳಿಕೆ, ಲೆಕ್ಕ ಮಾಡುವ ಸರಾಗತೆ, ಸಮಸ್ಯೆ ಬಿಡಿಸುವ ಶಕ್ತಿ ಇವು ಒಂದನ್ನೊಂದು ಪೋಷಿಸುತ್ತವೆಯೆಂದೂ, ಪೂರ್ತಿ ಶಿಕ್ಷಕರೇ ನಡೆಸುವ ಪಾಠಕ್ಕಾಗಲಿ ಪೂರ್ತಿ ಮಕ್ಕಳಿಗೇ ಬಿಟ್ಟ ಪಾಠಕ್ಕಾಗಲಿ ಸಂಶೋಧನೆಯ ಬೆಂಬಲವಿಲ್ಲವೆಂದೂ ಅದು ಹೇಳಿತು. 2010ರಲ್ಲಿ ಬಂದ, ಬಹುಪಾಲು ರಾಜ್ಯಗಳು ಒಪ್ಪಿಕೊಂಡ ಕಾಮನ್ ಕೋರ್ ಎಂಬ ಸಾಮಾನ್ಯ ಮಾನದಂಡಗಳು ಮೂರನೆಯ ತರಗತಿಯ ಕೊನೆಗೆ ಒಂದಂಕಿಯ ಗುಣಲಬ್ಧಗಳೆಲ್ಲ ನೆನಪಿನಲ್ಲಿರಬೇಕು ಎಂದವು. ರೂಢಿಯ ಕ್ರಮದ ಸಂಕಲನ ವ್ಯವಕಲನ ನಾಲ್ಕನೆಯದರಲ್ಲಿ, ಗುಣಾಕಾರ ಐದನೆಯದರಲ್ಲಿ, ಭಾಗಾಕಾರ ಆರನೆಯದರಲ್ಲಿ ಬರಬೇಕೆಂದವು. ಇದು ತುಸು ತಡವಾಯಿತೆಂದು ಪೋಷಕರ ಗುಂಪುಗಳು ಗೊಣಗಿದವು. ಆ ಗೊಣಗಾಟದಲ್ಲಿ ಹುರುಳಿದೆ, ಆದರೂ ಬರಹದಲ್ಲಿ ಒಪ್ಪಿಗೆ ಸಿಕ್ಕಿದ್ದು ದೊಡ್ಡದೇ. ತೊಡಕು ಇರುವುದು ತರಗತಿಯಲ್ಲಿ: ಮಾನದಂಡದ ಒಂದು ಸಾಲು ಅಭ್ಯಾಸದ ಇಪ್ಪತ್ತು ನಿಮಿಷವಾಗಿ ಮಾರ್ಪಡುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಪುಸ್ತಕ ಮತ್ತು ವೇಳಾಪಟ್ಟಿ.

ಇಲ್ಲಿ ನಾನು ಮೊದಲು ಹೇಳಿದ ಗೋಡೆಯ ಮಾತಿಗೆ ಬರುತ್ತೇನೆ. ಶಾಲೆ ಅಭ್ಯಾಸವನ್ನು ಕೈಬಿಟ್ಟರೆ ಅಭ್ಯಾಸ ನಿಂತುಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಓದಿದ ತಂದೆತಾಯಿ ರಾತ್ರಿ ಊಟದ ಮೇಜಿನ ಮೇಲೆ ಮಗ್ಗಿ ಕೇಳುತ್ತಾರೆ. ಹಣವಿದ್ದವರು ಮಗುವನ್ನು ಕುಮೋನ್‌ನಂಥ ಖಾಸಗಿ ಅಭ್ಯಾಸ ಕೇಂದ್ರಕ್ಕೆ ಸೇರಿಸುತ್ತಾರೆ. ಎರಡು ಪಾಳಿ ದುಡಿಯುವ ಮನೆಯ ಮಗುವಿಗೆ, ಅಥವಾ ಇಂಗ್ಲಿಷ್ ಬಾರದ ವಲಸೆಗಾರರ ಮನೆಯ ಮಗುವಿಗೆ, ಶಾಲೆಯಲ್ಲಿ ಸಿಕ್ಕದ್ದೇ ಗಣಿತ. ಪರೀಕ್ಷೆ ಬಂದಾಗ ಅನುಕೂಲಸ್ಥರ ಬಡಾವಣೆಯ ಶಾಲೆಯ ಅಂಕಗಳು ಚೆನ್ನಾಗಿರುತ್ತವೆ, ಅದರ ಹೆಸರು ಪಠ್ಯಸರಣಿಗೆ ಹೋಗುತ್ತದೆ. ಊಟದ ಮೇಜಿನ ದುಡಿಮೆ ಯಾವ ವರದಿಯಲ್ಲೂ ಕಾಣುವುದಿಲ್ಲ. ಕ್ರಮವನ್ನು ಮಗುವೇ ಹುಡುಕಿ ಕಂಡುಕೊಳ್ಳಲಿ ಎನ್ನುವ ಅನ್ವೇಷಣೆಯ ಕಲಿಕೆ ಎಲ್ಲ ಮಕ್ಕಳಿಗೂ ಸಮಾನವಾಗಿ ಗಣಿತದ ಬಾಗಿಲು ತೆರೆಯುತ್ತದೆಂಬ ಸದುದ್ದೇಶದಿಂದಲೇ ಬಂದದ್ದು, ಅದನ್ನು ತಂದವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಮನೆಯಲ್ಲಿ ಬೆಂಬಲವಿಲ್ಲದ ಮಗುವಿನಿಂದ ಶಾಲೆಯ ಅಭ್ಯಾಸವನ್ನೂ ಕಿತ್ತುಕೊಂಡರೆ ಅಂತರ ಹಿಗ್ಗುವುದು ಸಹಜ. ಪೋಷಕರ ಗುಂಪುಗಳಲ್ಲಿ ಮುಂದೆ ನಿಂತವರು ಹೆಚ್ಚಾಗಿ ಎಂಜಿನಿಯರುಗಳು, ಪ್ರಾಧ್ಯಾಪಕರು, ವೈದ್ಯರು. ತಮ್ಮ ಮಕ್ಕಳಿಗೆ ತಾವೇ ಕಲಿಸಿಕೊಳ್ಳಬಲ್ಲವರು. ಅವರು ಸಾರ್ವಜನಿಕ ಮೈಕಿನ ಮುಂದೆ ಬಂದು ನಿಂತದ್ದಕ್ಕೆ ಬೆಲೆ ಬರುವುದು ಅದರಿಂದಲೇ.

ಕೆನಡಾದ ಕಥೆ ಇದಕ್ಕೆ ಹೊಂದಿಕೊಂಡದ್ದು. ಅಲ್ಲಿನ ಪಶ್ಚಿಮ ಪ್ರಾಂತ್ಯಗಳು 2006ರಲ್ಲಿ ಒಪ್ಪಿಕೊಂಡ ಸಾಮಾನ್ಯ ಪಠ್ಯಕ್ರಮ, ರೂಢಿಯ ಕ್ರಮಗಳ ಬದಲಿಗೆ ಮಗುವಿನ ‘ಸ್ವಂತ ತಂತ್ರ’ಗಳಿಗೆ ಒತ್ತು ಕೊಟ್ಟಿತು. 2011ರಲ್ಲಿ ಮ್ಯಾನಿಟೋಬಾದ ವಿಶ್ವವಿದ್ಯಾಲಯಗಳ ಗಣಿತ ಪ್ರಾಧ್ಯಾಪಕರು ವೈಸ್ ಮ್ಯಾಥ್ ಎಂಬ ವೇದಿಕೆ ಕಟ್ಟಿದರು. 2013ರಲ್ಲಿ ಮ್ಯಾನಿಟೋಬಾ ತನ್ನ ಪಠ್ಯಕ್ರಮವನ್ನು ತಿದ್ದಿ ರೂಢಿಯ ಕ್ರಮಗಳನ್ನೂ ಬಾಯಿಪಾಠವನ್ನೂ ಮರಳಿ ತಂದಿತು. ಆಲ್ಬರ್ಟಾದಲ್ಲಿ ವೈದ್ಯೆಯಾದ ಒಬ್ಬ ತಾಯಿ ಆರಂಭಿಸಿದ ಮನವಿಗೆ ಸಾವಿರಾರು ಸಹಿಗಳು ಬಿದ್ದವು. ಅವರ ಕೈಯಲ್ಲಿದ್ದ ಆಯುಧ, ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯ ಅಂಕಿಗಳು: 2003ರಲ್ಲಿ 549 ಇದ್ದ ಆಲ್ಬರ್ಟಾದ ಗಣಿತದ ಸರಾಸರಿ 2012ರಲ್ಲಿ 517ಕ್ಕೆ ಇಳಿದಿತ್ತು, ಇಡೀ ಕೆನಡಾದ್ದು 532ರಿಂದ 518ಕ್ಕೆ. ಈ ಇಳಿತಕ್ಕೆ ಪಠ್ಯಕ್ರಮವೊಂದೇ ಕಾರಣವೆಂದು ಅಂಕಿಗಳಷ್ಟರಿಂದ ಹೇಳಲಾಗದು. ಪೋಷಕರು ಕೆಲವೊಮ್ಮೆ ಹಾಗೆ ಹೇಳಿ ಎದುರಾಳಿಗೆ ಸುಲಭದ ಗುರಿಯಾದರು. ಆದರೆ ಇಳಿತ ನಿಜವಾಗಿತ್ತು, ಅದಕ್ಕೆ ವಿವರಣೆ ಕೇಳುವ ಹಕ್ಕೂ ಅವರಿಗಿತ್ತು.

ಗೆಲುವು ಸೋಲುಗಳ ಲೆಕ್ಕ ಅಷ್ಟು ನೇರವಲ್ಲ. ಸಿಯಾಟಲ್‌ನಲ್ಲಿ 2009ರಲ್ಲಿ ಮಂಡಳಿ ಆರಿಸಿದ, ಅನ್ವೇಷಣೆಯ ಜಾಡಿನ ಪ್ರೌಢಶಾಲಾ ಪುಸ್ತಕಗಳ ವಿರುದ್ಧ ಮೂವರು ನ್ಯಾಯಾಲಯಕ್ಕೆ ಹೋದರು. 2010ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಮಂಡಳಿಯ ನಿರ್ಣಯ ಮನಸೋಇಚ್ಛೆಯದೆಂದು ತೀರ್ಪು ಕೊಟ್ಟರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯಾಲಯದಲ್ಲಿ ಉಳಿಯದ ಗೆಲುವಿನ ಒಂದು ಪಾಲು ಆಮೇಲೆ ಮಂಡಳಿಯಲ್ಲೇ ಸಿಕ್ಕಿತು: 2014ರಲ್ಲಿ ಅದೇ ನಗರದ ಮಂಡಳಿ ಪ್ರಾಥಮಿಕ ತರಗತಿಗಳಿಗೆ, ಕೌಶಲವನ್ನು ಕ್ರಮವಾಗಿ ಕಲಿಸುವ ಸಿಂಗಪುರದ ಮಾದರಿಯ ಪುಸ್ತಕಗಳನ್ನು ಆರಿಸಿಕೊಂಡಿತು. ಪಠ್ಯಪುಸ್ತಕದ ಜಗಳವನ್ನು ನ್ಯಾಯಾಧೀಶರು ತೀರಿಸುವುದು ನನಗೆ ಅಷ್ಟು ಹಿತವೆನಿಸುವುದಿಲ್ಲ. ಯಾರು ಗೆದ್ದರೂ ತರಗತಿಯಲ್ಲಿ ಆ ಪುಸ್ತಕವನ್ನು ಹಿಡಿಯುವವರು ಶಿಕ್ಷಕರು, ಮನಸ್ಸಿಲ್ಲದೆ ಹಿಡಿದ ಪುಸ್ತಕ ಯಾವ ಮಗುವಿಗೂ ಏನನ್ನೂ ಕಲಿಸುವುದಿಲ್ಲ.

ಉಪನ್ಯಾಸದ ನಂತರ ಒಬ್ಬ ಶಿಕ್ಷಕಿ ಕೇಳಿದರು: ‘ಬಾಯಿಪಾಠ ಮಾಡಿಸಿದರೆ ಮಕ್ಕಳು ಗಣಿತಕ್ಕೆ ಹೆದರುವುದಿಲ್ಲವೇ, ಸರ್?’ ಗಡಿಯಾರ ಹಿಡಿದು ಎಲ್ಲರ ಎದುರು ನಿಲ್ಲಿಸಿ ಕೇಳಿದರೆ ಖಂಡಿತ ಹೆದರುತ್ತಾರೆ. ಆದರೆ ಆರನೆಯ ತರಗತಿಗೆ ಬಂದು, ಪಕ್ಕದವನಿಗೆ ಚಿಟಿಕೆ ಹೊಡೆದಂತೆ ಹೊಳೆಯುವುದು ತನಗೆ ಬೆರಳು ಮಡಿಸಿದರೂ ಬಾರದು ಎಂದು ಕಂಡುಕೊಂಡ ಮಗುವಿನ ಹೆದರಿಕೆ ಇನ್ನೂ ಆಳದ್ದು. ದಿನಕ್ಕೆ ಸ್ವಲ್ಪವೇ, ಅಂಕಗಳ ಲೆಕ್ಕವಿಲ್ಲದೆ, ಹಿಂದೆ ಕಲಿತದ್ದನ್ನು ಬೆರೆಸಿ ಬೆರೆಸಿ ಕೇಳುವ ಅಭ್ಯಾಸಕ್ಕೆ ಹೆದರಿದ ಮಗುವನ್ನು ನಾನು ನೋಡಿಲ್ಲ.

ಇನ್ನೊಬ್ಬ ತಂದೆಯ ಪ್ರಶ್ನೆ: ‘ಮಗಳ ಶಾಲೆಯಲ್ಲಿ ಕೌಶಲವನ್ನು ಕಲಿಸುತ್ತಿದ್ದಾರೋ ಇಲ್ಲವೋ ಎಂದು ಹೇಗೆ ತಿಳಿಯಬೇಕು?’ ಶಾಲೆಯ ಕರಪತ್ರವನ್ನು ಓದಬೇಡಿ, ಅದರಲ್ಲಿ ಎಲ್ಲವೂ ಇರುತ್ತದೆ. ಭಿನ್ನರಾಶಿಗಳ ಸಂಕಲನದ ಪಾಠವನ್ನು ತೆರೆದು, ಬೇರೆ ಬೇರೆ ಛೇದಗಳಿರುವ ಲೆಕ್ಕಗಳು ಎಷ್ಟಿವೆಯೆಂದು ಎಣಿಸಿ. ಎರಡು ತಿಂಗಳ ನಂತರದ ಪಾಠದಲ್ಲಿ ಅವು ಮತ್ತೆ ಒಮ್ಮೆಯಾದರೂ ಬರುತ್ತವೆಯೇ ನೋಡಿ. ಆಮೇಲೆ ಮಗಳ ಪಕ್ಕದಲ್ಲಿ ಕುಳಿತು 3/8ಕ್ಕೆ 2/7ನ್ನು ಕೂಡಲು ಹೇಳಿ. ಉತ್ತರ 37/56, ಅದು ಬಂದರೂ ಬಾರದಿದ್ದರೂ ಚಿಂತೆಯಿಲ್ಲ. ಏಳೆಂಟಲ ಬಂದಾಗ ಅವಳ ಪೆನ್ಸಿಲ್ ಹಾಗೇ ಸಾಗುತ್ತದೆಯೋ, ಅಲ್ಲೇ ನಿಂತು ಬೇರೊಂದು ಹಾಳೆಯ ಕಡೆಗೆ ಹೋಗುತ್ತದೆಯೋ, ಅದನ್ನಷ್ಟೇ ನೋಡಿ.